ಟ್ರಿನಿಡಾಡ್ ಕೆಲಸ: ಸಂಬಳಕ್ಕಿಂತ ಮೊದಲು ಮನೆಯ ವಿಳಾಸ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ದಾವಣಗೆರೆಯ ನರ್ಸಿಂಗ್, ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಿದ್ದ ಹುಡುಗ ಹುಡುಗಿಯರ ಮನೆಗಳಲ್ಲಿ ದುಬೈ, ಕತಾರ್ ಮಾತಿನ ನಡುವೆ ಈಗ ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ಹೆಸರೂ ಕೇಳಿಬರುತ್ತಿದೆ. ಹೆಸರು ಕಿವಿಗೆ ಬಿದ್ದ ಕೂಡಲೇ ಅಪ್ಪ ಅಮ್ಮ ಕೇಳುವುದು ಒಂದೇ ಮಾತು: ‘ಅಲ್ಲಿ ಸೇಫಾ?’ ಏಜೆಂಟರು ‘ನೂರಕ್ಕೆ ನೂರು ಸೇಫು, ಅಲ್ಲಿ ಅರ್ಧ ಜನ ನಮ್ಮವರೇ’ ಅನ್ನುತ್ತಾರೆ. ಮೊಬೈಲ್ ತೆಗೆದು ಹುಡುಕಿದರೆ ಬರೀ ಕೊಲೆ, ತುರ್ತು ಪರಿಸ್ಥಿತಿ. ಆ ದೇಶದಲ್ಲಿ ದುಡಿದು ಬಂದವರು, ಈಗಲೂ ಅಲ್ಲಿ ಮಕ್ಕಳಿರುವವರು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಉದ್ದವಾಗಿದೆ. ಆದರೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ.

ಮೊದಲು ಅಂಕಿ ನೋಡೋಣ, ಮುಚ್ಚಿಡುವುದು ಏನೂ ಇಲ್ಲ. ಟ್ರಿನಿಡಾಡ್ ಮತ್ತು ಟೊಬೇಗೊ ಎರಡು ದ್ವೀಪ ಸೇರಿದರೂ ಜನಸಂಖ್ಯೆ ಸುಮಾರು 14 ಲಕ್ಷ. ನಮ್ಮ ಚಿತ್ರದುರ್ಗ ಜಿಲ್ಲೆಗಿಂತ ಕಡಿಮೆ. ಅಷ್ಟು ಜನರ ನಡುವೆ 2024ರಲ್ಲಿ 620ಕ್ಕೂ ಹೆಚ್ಚು ಕೊಲೆಗಳಾದವು. ಲಕ್ಷಕ್ಕೆ 40ರ ಮೇಲೆ. ಭಾರತದಲ್ಲಿ ಅದು ಲಕ್ಷಕ್ಕೆ 2ರ ಆಸುಪಾಸು. 2024ರ ಡಿಸೆಂಬರ್ 30ರಂದು ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. 2025ರ ಜುಲೈನಲ್ಲಿ ಮತ್ತೊಮ್ಮೆ. ಆ ವರ್ಷ ಕೊಲೆಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಅಮೆರಿಕ ತನ್ನ ಪ್ರಜೆಗಳಿಗೆ ಈ ದೇಶಕ್ಕೆ ಹೋಗುವ ಮುಂಚೆ ಇನ್ನೊಮ್ಮೆ ಯೋಚಿಸಿ ಎಂದು ಹೇಳಿದೆ.

ಆದರೆ ಆ ಕೊಲೆಗಳಲ್ಲಿ ಬಹುಪಾಲು ಗ್ಯಾಂಗ್‌ಗಳ ನಡುವಿನದು. ವೆನೆಜುವೆಲಾದ ಕರಾವಳಿ ಟ್ರಿನಿಡಾಡ್‌ನಿಂದ ಅತಿ ಹತ್ತಿರದ ಕಡೆ ಬರೀ 11 ಕಿ.ಮೀ. ಆ ಕಡೆಯಿಂದ ದೋಣಿಯಲ್ಲಿ ಮಾದಕ ವಸ್ತು, ಈ ಕಡೆ ಅಮೆರಿಕದಿಂದ ಬಂದರಿನ ಸರಕಿನಲ್ಲಿ ಅಡಗಿ ಬರುವ ಪಿಸ್ತೂಲು, ರೈಫಲ್ಲು. ಇವೆರಡು ಕೂಡುವ ಜಾಗ ಅದು. ಗುಂಡು ಹಾರುವುದು ಹೆಚ್ಚಾಗಿ ಕೆಲವೇ ಕೇರಿಗಳಲ್ಲಿ: ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಪೂರ್ವಕ್ಕಿರುವ ಲಾವೆಂಟಿಲ್ ಗುಡ್ಡ, ಅದರ ಪಕ್ಕದ ಮೋರ್ವಾಂಟ್, ಹೆದ್ದಾರಿ ಅಂಚಿನ ಬೀತಮ್, ಸೀ ಲಾಟ್ಸ್, ಪಶ್ಚಿಮದಲ್ಲಿ ಕೊಕೊರೀಟ್, ಮಧ್ಯಭಾಗದ ಚಗ್ವಾನಸ್‌ನಲ್ಲಿ ಎಂಟರ್‌ಪ್ರೈಸ್. ಹೊರಗಿನಿಂದ ಹೋಗಿ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ದುಡಿಯುವವರಿಗೆ ತಟ್ಟುವುದು ಇದಕ್ಕಿಂತ ಹೆಚ್ಚಾಗಿ ಬೇರೆ ಮೂರು: ಮನೆಗೆ ನುಗ್ಗುವ ಕಳ್ಳತನ, ರಾತ್ರಿ ಮನೆಗೆ ಬರುವ ಗಾಡಿ, ಕೈಯಲ್ಲಿ ಸರಿಯಾದ ಕಾಗದ ಇಲ್ಲದಿರುವುದು. ಕೊಲೆಯ ಅಂಕಿ ನೋಡಿ ಹೆದರುವವರು ಈ ಮೂರನ್ನು ಕೇಳುವುದೇ ಇಲ್ಲ.

ವಿಳಾಸದಿಂದಲೇ ಶುರು ಮಾಡೋಣ. ಅಲ್ಲಿ ಒಳ್ಳೆಯ ಬಡಾವಣೆಗೂ ಕೆಟ್ಟ ಕೇರಿಗೂ ನಡುವೆ ಊರೇನೂ ಅಡ್ಡ ಇರುವುದಿಲ್ಲ, ಒಂದು ರಸ್ತೆ ಇರುತ್ತದೆ. ವೆಸ್ಟ್‌ಮೂರಿಂಗ್ಸ್ ಎಂದರೆ ಸಿರಿವಂತರ ಬಡಾವಣೆ. ರಾಜಧಾನಿಯಿಂದ ಅಲ್ಲಿಗೆ ವೆಸ್ಟರ್ನ್ ಮೇನ್ ರೋಡ್ ಹಿಡಿದು ಹೋದರೆ ಕೊಕೊರೀಟ್ ದಾಟಿಯೇ ಹೋಗಬೇಕು. ಪಿಯಾರ್ಕೊ ವಿಮಾನ ನಿಲ್ದಾಣದಿಂದ ರಾಜಧಾನಿಗೆ ಬರುವ ಹೆದ್ದಾರಿ ಬೀತಮ್ ಪಕ್ಕದಲ್ಲೇ ಹಾದುಬರುತ್ತದೆ. ದಾರಿಯ ಆ ಭಾಗದಲ್ಲಿ ಗಾಡಿ ಕೆಟ್ಟರೆ, ಟೈರ್ ಪಂಕ್ಚರ್ ಆದರೆ ಅಲ್ಲೇ ಇಳಿದು ಜಾಕ್ ಹಾಕುವವರು ಯಾರೂ ಇಲ್ಲ. ರಿಮ್ ಹಾಳಾದರೂ ಸರಿ, ಬೆಳಕು ಜನ ಇರುವ ಕಡೆವರೆಗೆ ಉರುಳಿಸಿಕೊಂಡು ಹೋಗುತ್ತಾರೆ. ಸಂಜೆ ಆ ದಾರಿ ಹಿಡಿಯುವ ಮುಂಚೆ ಪೆಟ್ರೋಲ್ ಮುಳ್ಳು ನೋಡುವುದು ಅಲ್ಲಿನವರ ಅಭ್ಯಾಸ.

ಹಾಗಾಗಿ ಏಜೆಂಟ್ ‘ಅಕಾಮಡೇಷನ್ ಫ್ರೀ’ ಎಂದಾಗ ಖುಷಿಪಡುವ ಮುಂಚೆ ಬಡಾವಣೆ ಹೆಸರು, ರಸ್ತೆ ಹೆಸರು, ಮನೆ ಸಂಖ್ಯೆ ಮೂರೂ ಬರಹದಲ್ಲಿ ತರಿಸಿಕೊಳ್ಳಿ. ‘ಪೋರ್ಟ್ ಆಫ್ ಸ್ಪೇನ್ ಹತ್ತಿರ’ ಎನ್ನುವುದು ವಿಳಾಸವಲ್ಲ. ಸಿಕ್ಕ ವಿಳಾಸವನ್ನು ಗೂಗಲ್ ನಕ್ಷೆಯಲ್ಲಿ ಹಾಕಿ, ಮನೆಯಿಂದ ಕೆಲಸದ ಜಾಗಕ್ಕೆ ಇರುವ ದಾರಿಯನ್ನು ಬೆರಳಿಟ್ಟು ನೋಡಿ: ಎಲ್ಲಿ ಇಳಿಯಬೇಕು, ಎಷ್ಟು ದೂರ ನಡೆಯಬೇಕು, ಆ ನಡಿಗೆ ಯಾವ ಕೇರಿಯಲ್ಲಿ. ಸೇಂಟ್ ಅಗಸ್ಟೀನ್, ವಲ್ಸೇನ್, ಟ್ರಿನ್‌ಸಿಟಿ, ಮರವಾಲ್ ಇಂಥ ಕಡೆ ಬಾಡಿಗೆ ಜಾಸ್ತಿ, ಸುಮ್ಮನೆ ಜಾಸ್ತಿಯಲ್ಲ. ಸೇಂಟ್ ಅಗಸ್ಟೀನ್‌ನಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಇರುವುದರಿಂದ ಬಾಡಿಗೆ ಕೋಣೆ ಸುಲಭಕ್ಕೆ ಸಿಗುತ್ತವೆ. ಅದೇ ಕಾರಣಕ್ಕೆ ಲ್ಯಾಪ್‌ಟಾಪ್ ಚೀಲ ಹೊತ್ತು ಒಬ್ಬರೇ ನಡೆದುಹೋಗುವ ವಿದ್ಯಾರ್ಥಿಗಳ ಮೇಲೆ ಅಲ್ಲಿ ಕಣ್ಣೂ ಇರುತ್ತದೆ. ಓದಲು ಹೋಗುವವರು ಕತ್ತಲಾದ ಮೇಲೆ ಕ್ಯಾಂಪಸ್ಸಿನ ಷಟಲ್ ಬಸ್ಸನ್ನೇ ಹಿಡಿಯಬೇಕು.

ಇನ್ನು ಮನೆಯ ಕಬ್ಬಿಣ. ಟ್ರಿನಿಡಾಡ್‌ನಲ್ಲಿ ಕಿಟಕಿ ಬಾಗಿಲಿನ ಗ್ರಿಲ್ಲಿಗೆ ‘ಬರ್ಗ್ಲರ್ ಪ್ರೂಫ್’ ಎನ್ನುತ್ತಾರೆ. ಮುಂದಿನ ಜಗಲಿಗೆ ‘ಗ್ಯಾಲರಿ’. ಬಾಡಿಗೆ ಮನೆ ನೋಡುವಾಗ ಗ್ಯಾಲರಿಗೂ ಗ್ರಿಲ್ ಇದೆಯೇ, ಹಿಂದಿನ ಅಡುಗೆಮನೆ ಕಿಟಕಿಗೆ ಇದೆಯೇ, ಬಾತ್‌ರೂಮಿನ ಮೇಲಿನ ಸಣ್ಣ ಕಿಂಡಿಗೆ ಇದೆಯೇ ನೋಡಬೇಕು. ಬಹಳ ಮನೆಗಳಲ್ಲಿ ಮುಂದಿನದು ಭದ್ರ, ಹಿಂದಿನದು ದೇವರ ಮೇಲೆ ಭಾರ. ಗ್ರಿಲ್ಲಿನ ಸರಳನ್ನು ಗೋಡೆಯೊಳಗೆ ಹೂತಿದ್ದಾರೋ ಅಥವಾ ಹೊರಗಿನಿಂದ ಸ್ಕ್ರೂ ಹಾಕಿದ್ದಾರೋ ಎನ್ನುವುದು ಮುಖ್ಯ. ಹೊರಗಿನ ಸ್ಕ್ರೂ ಎಂದರೆ ಕಳ್ಳನಿಗೆ ಐದು ನಿಮಿಷದ ಕೆಲಸ. ಇದಕ್ಕೆ ಇನ್ನೊಂದು ಮಗ್ಗುಲಿದೆ. ಎಲ್ಲ ಕಿಟಕಿಗೂ ತೆರೆಯಲಾಗದ ಗ್ರಿಲ್ ಹಾಕಿದ ಮನೆಗೆ ಬೆಂಕಿ ಬಿದ್ದರೆ ಒಳಗಿದ್ದವರಿಗೆ ದಾರಿಯೇ ಇಲ್ಲ. ಮಲಗುವ ಕೋಣೆಯ ಒಂದು ಗ್ರಿಲ್ಲಾದರೂ ಒಳಗಿನಿಂದ ಬೀಗ ತೆಗೆದು ತೆರೆಯುವಂತಿರಬೇಕು. ಬೀಗದ ಕೈ ಕತ್ತಲಲ್ಲೂ ಕೈಗೆ ಸಿಗುವ ಒಂದೇ ಮೊಳೆಗೆ ನೇತಾಡುತ್ತಿರಬೇಕು. ಹೊರಗಿನಿಂದ ಸರಳಿನ ನಡುವೆ ಕೋಲು ತೂರಿಸಿ ಎಳೆದುಕೊಳ್ಳುವಷ್ಟು ಹತ್ತಿರ ಮಾತ್ರ ಆ ಮೊಳೆ ಬೇಡ.

ಕಳ್ಳರಿಗೆ ಅಲ್ಲಿನ ಮಾತು ‘ಬ್ಯಾಂಡಿಟ್’. ಬ್ಯಾಂಡಿಟ್ ಬಾಗಿಲು ಒಡೆಯುವುದು ಕಡಿಮೆ, ತೆರೆದಾಗ ನುಗ್ಗುವುದೇ ಹೆಚ್ಚು. ಕೆಲಸ ಮುಗಿಸಿ ಬಂದವರು ಕಾರು ನಿಲ್ಲಿಸಿ, ಇಳಿದು, ಗೇಟ್ ತೆರೆದು, ಮತ್ತೆ ಕಾರು ಹತ್ತುವ ಆ ಅರ್ಧ ನಿಮಿಷವೇ ಅವನಿಗೆ ಬೇಕಾದದ್ದು. ಅದಕ್ಕೇ ಅಲ್ಲಿನವರು ರಿಮೋಟ್ ಗೇಟ್ ಇರುವ ಮನೆ ಹುಡುಕುತ್ತಾರೆ. ಇಲ್ಲವಾದರೆ ತಿರುವಿನಲ್ಲೇ ಮನೆಯವರಿಗೆ ಫೋನ್ ಮಾಡಿ ಒಳಗಿನಿಂದ ಗೇಟ್ ತೆಗೆಸುತ್ತಾರೆ. ಹಿಂದೆ ಒಂದೇ ಕಾರು ಎರಡು ತಿರುವು ಬೆನ್ನು ಹತ್ತಿದರೆ ಮನೆಗೆ ಹೋಗಬಾರದು. ಮುಂದೆ ಸಾಗಿ ಪೊಲೀಸ್ ಠಾಣೆಗೋ ಪೆಟ್ರೋಲ್ ಬಂಕಿಗೋ ತಿರುಗಿಸಬೇಕು. ಪೊಲೀಸ್ 999, ಅಗ್ನಿಶಾಮಕ 990, ಆಂಬುಲೆನ್ಸ್ 811. ಪೊಲೀಸರು ಬರುವುದು ತಡವಾಗಬಹುದು, ಆದ್ದರಿಂದ ಪಕ್ಕದ ಮನೆಯವರ ಫೋನ್ ನಂಬರ್ 999ರಷ್ಟೇ ಮುಖ್ಯ. ಮೀಟರ್ ನೋಡಲು ಬಂದಿದ್ದೇವೆ, ನೀರಿನ ಪೈಪ್ ರಿಪೇರಿ ಎಂದು ಬಂದವರಿಗೆ ಗುರುತಿನ ಚೀಟಿ ನೋಡದೆ ಗ್ರಿಲ್ ತೆಗೆಯುವ ಪದ್ಧತಿ ಅಲ್ಲಿಲ್ಲ. ಮುಖ ನೋಡಿ ಒಳಗೆ ಕರೆದು ನೀರು ಕೊಡುವ ನಮ್ಮ ಕಡೆಯವರು ಮೊದಲ ತಿಂಗಳು ಇದರಲ್ಲೇ ಎಡವುತ್ತಾರೆ. ಒಂದು ವೇಳೆ ನುಗ್ಗಿಯೇ ಬಿಟ್ಟರೆ ಅವರ ಕೈಯಲ್ಲಿ ಗನ್ ಇದೆ ಎಂದೇ ತಿಳಿದುಕೊಳ್ಳಬೇಕು. ಕೇಳಿದ್ದು ಕೊಡುವುದು, ಮುಖ ದುರುಗುಟ್ಟಿ ನೋಡದಿರುವುದು, ಅಟ್ಟಿಸಿಕೊಂಡು ಹೋಗದಿರುವುದು.

ಅವರು ಕೇಳುವುದು ಎರಡೇ: ನಗದು, ಚಿನ್ನ. ಇಲ್ಲೇ ಒಂದು ಸೂಕ್ಷ್ಮವಿದೆ, ಯಾವ ಏಜೆಂಟೂ ಬಾಯಿ ಬಿಡದ್ದು. ಟ್ರಿನಿಡಾಡ್‌ನಲ್ಲಿ ವಿದೇಶಿ ವಿನಿಮಯದ ಬರ. ಸಂಬಳ ಟ್ರಿನಿಡಾಡ್ ಡಾಲರಿನಲ್ಲಿ. ಒಂದು ಅಮೆರಿಕನ್ ಡಾಲರಿಗೆ ಅಲ್ಲಿನ ಸುಮಾರು 6 ಡಾಲರ್ 80 ಸೆಂಟ್. ಆದರೆ ಬ್ಯಾಂಕಿಗೆ ಹೋಗಿ ಅಷ್ಟನ್ನೂ ಅಮೆರಿಕನ್ ಡಾಲರ್ ಮಾಡಿ ಊರಿಗೆ ಕಳಿಸಿ ಎಂದರೆ ಬ್ಯಾಂಕ್ ಮಿತಿ ಹೇಳುತ್ತದೆ, ಕಾಯಿಸುತ್ತದೆ. ಕಳಿಸಲಾಗದ ಹಣವನ್ನು ಜನ ಮನೆಯಲ್ಲಿ, ಅಕ್ಕಿ ಡಬ್ಬಿಯಲ್ಲಿ, ಹಾಸಿಗೆ ಕೆಳಗೆ ಇಡತೊಡಗುತ್ತಾರೆ. ಅಥವಾ ಕಪ್ಪು ಪೇಟೆಯಲ್ಲಿ ಡಾಲರ್ ಕೊಳ್ಳಲು ನಗದು ಹಿಡಿದು ಗುರುತಿಲ್ಲದವರ ಬಳಿ ಹೋಗುತ್ತಾರೆ. ವಿದೇಶಿ ಕೆಲಸಗಾರರ ಮನೆಯಲ್ಲಿ ನಗದು ಇರುತ್ತದೆ ಎಂದು ಬ್ಯಾಂಡಿಟ್‌ಗೂ ಗೊತ್ತು. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಕೇಳಬೇಕಾದ್ದು: ಸಂಬಳ ಯಾವ ಹಣದಲ್ಲಿ? ತಿಂಗಳಿಗೆ ಎಷ್ಟು ಭಾಗವನ್ನು ಭಾರತಕ್ಕೆ ಕಳಿಸಲು ಕಂಪನಿಯೇ ವ್ಯವಸ್ಥೆ ಮಾಡುತ್ತದೆ? ಇದು ಬರಹದಲ್ಲಿದೆಯೇ? ಹಣದ ಪ್ರಶ್ನೆಯಂತೆ ಕಂಡರೂ ಇದು ಮೊದಲು ಸುರಕ್ಷೆಯ ಪ್ರಶ್ನೆ.

ಚಿನ್ನದ ವಿಚಾರ ನಮ್ಮ ಹೆಣ್ಣುಮಕ್ಕಳಿಗೆ ಕಷ್ಟವೇ. ತಾಳಿಯನ್ನು ಕರಿಮಣಿ ದಾರದಲ್ಲಿ ಬಟ್ಟೆಯೊಳಗೆ ಹಾಕಿಕೊಂಡು, ಬಳೆ ಸರ ಇಲ್ಲೇ ಬ್ಯಾಂಕ್ ಲಾಕರಿನಲ್ಲಿ ಇಟ್ಟುಹೋಗುವುದು ಸರಿ. ಅಲ್ಲಿನ ಭಾರತೀಯ ಮೂಲದವರ ಮದುವೆಗಳಲ್ಲಿ ಚಿನ್ನ ಹೇರಿಕೊಂಡವರನ್ನು ನೋಡಿ ಮೋಸ ಹೋಗಬೇಡಿ. ಅವರು ಮನೆ ಬಾಗಿಲಿನಿಂದ ಮಂಟಪದವರೆಗೆ ಸ್ವಂತ ಕಾರಿನಲ್ಲಿ ಬಂದಿರುತ್ತಾರೆ.

ಗಾಡಿಯ ವಿಷಯ ಇನ್ನೂ ವಿವರವಾಗಿ ಹೇಳಬೇಕು. ಅಲ್ಲಿ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುತ್ತಾರೆ, ಆದರೆ ಬಾಡಿಗೆ ಗಾಡಿಯ ಗುರುತು ಬೇರೆ. ನಂಬರ್ ಪ್ಲೇಟ್ ‘ಎಚ್’ ಅಕ್ಷರದಿಂದ ಶುರುವಾದರೆ ಪರವಾನಗಿ ಇರುವ ಟ್ಯಾಕ್ಸಿ. ‘ಪಿ’ ಎಂದರೆ ಖಾಸಗಿ ಕಾರು. ಖಾಸಗಿ ಕಾರನ್ನೇ ಬಾಡಿಗೆಗೆ ಓಡಿಸುವುದಕ್ಕೆ ‘ಪಿ.ಎಚ್.’ ಎನ್ನುತ್ತಾರೆ, ಕಾನೂನುಬಾಹಿರ, ಆದರೂ ಎಲ್ಲೆಡೆ ಓಡುತ್ತದೆ, ಊರಿನವರೂ ಹತ್ತುತ್ತಾರೆ. ಹೊಸಬರು ಹತ್ತಕೂಡದು. ‘ಮ್ಯಾಕ್ಸಿ’ ಎಂದರೆ ನಮ್ಮ ಟೆಂಪೊ ಟ್ರಾವೆಲರ್‌ನಂಥ ವ್ಯಾನು, ಬಿಳಿ ಮೈಗೆ ಬಣ್ಣದ ಪಟ್ಟಿ. ಕೆಂಪು ಪಟ್ಟಿ ರಾಜಧಾನಿಯಿಂದ ಪೂರ್ವಕ್ಕೆ ಅರಿಮಾ ಕಡೆ, ಹಳದಿ ಪಶ್ಚಿಮಕ್ಕೆ ಡಿಯೆಗೊ ಮಾರ್ಟಿನ್ ಕಡೆ, ಹಸಿರು ದಕ್ಷಿಣಕ್ಕೆ ಸ್ಯಾನ್ ಫರ್ನಾಂಡೊಗೆ, ನೀಲಿ ಟೊಬೇಗೊ ದ್ವೀಪದಲ್ಲಿ. ಕೆಂಪು, ಹಸಿರು ಪಟ್ಟಿಯವನ್ನು ಹತ್ತುವ ಜಾಗ ರಾಜಧಾನಿಯ ಸಿಟಿ ಗೇಟ್. ಸ್ಯಾನ್ ಫರ್ನಾಂಡೊ ದೂರ ಸುಮಾರು 55 ಕಿ.ಮೀ., ನಮ್ಮ ದಾವಣಗೆರೆ ಚಿತ್ರದುರ್ಗ ಇದ್ದ ಹಾಗೆ. ಹಗಲು ಮ್ಯಾಕ್ಸಿ ಒಳ್ಳೆಯದೇ, ಜನ ತುಂಬಿರುತ್ತಾರೆ.

ಇಷ್ಟು ತಿಳಿದು ‘ಎಚ್ ನೋಡಿ ಹತ್ತಿದರೆ ಸಾಕು’ ಎಂದುಕೊಂಡರೆ ಅದೂ ತಪ್ಪು. 2021ರ ಜನವರಿಯಲ್ಲಿ ಅರಿಮಾದಲ್ಲಿ ಕೋರ್ಟ್ ಗುಮಾಸ್ತೆಯಾಗಿದ್ದ 23 ವರ್ಷದ ಯುವತಿ ಕೆಲಸ ಮುಗಿಸಿ ಹತ್ತಿದ್ದು ಎಚ್ ಪ್ಲೇಟ್ ಇದ್ದ ಕಾರನ್ನೇ. ಪ್ಲೇಟ್ ನಕಲಿ. ಕೆಲವು ದಿನಗಳ ನಂತರ ಗುಡ್ಡದಲ್ಲಿ ಶವ ಸಿಕ್ಕಿತು, ಇಡೀ ದೇಶ ಮೇಣದ ಬತ್ತಿ ಹಿಡಿದು ಬೀದಿಗಿಳಿಯಿತು, ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲು ಪರವಾನಗಿ ಕೊಡುವ ಕಾನೂನು ಬಂತು. ಅಂದಿನಿಂದ ಅಲ್ಲಿನ ಹೆಣ್ಣುಮಕ್ಕಳು ಪಾಲಿಸುವ ಕ್ರಮ ಹೀಗಿದೆ. ದಾರಿಯಲ್ಲಿ ಕೈ ಅಡ್ಡ ಹಾಕಿ ನಿಲ್ಲಿಸುವುದಿಲ್ಲ. ಸ್ಟ್ಯಾಂಡಿನಲ್ಲೇ, ಇತರ ಚಾಲಕರ ಕಣ್ಣೆದುರೇ ಹತ್ತುತ್ತಾರೆ. ಹತ್ತುವ ಮುಂಚೆ ಪ್ಲೇಟಿನ ಫೋಟೊ ಮನೆಗೆ ಕಳಿಸುತ್ತಾರೆ, ಚಾಲಕನಿಗೆ ಕಾಣುವ ಹಾಗೆಯೇ. ಬಾಗಿಲು ಎಳೆದುಕೊಳ್ಳುವ ಮುಂಚೆ ಒಳಗಿನ ಹಿಡಿ ಕೆಲಸ ಮಾಡುತ್ತದೋ ಎಂದು ಒಮ್ಮೆ ಒತ್ತಿ ನೋಡುತ್ತಾರೆ, ಮಕ್ಕಳ ಲಾಕ್ ಹಾಕಿದ್ದರೆ ಹೊರಗಿನಿಂದ ಮಾತ್ರ ತೆರೆಯುತ್ತದೆ. ಇಬ್ಬರು ಗಂಡಸರ ನಡುವೆ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ. ಕಪ್ಪು ಗಾಜಿನ ಕಾರು ಬಂದರೆ ಅದನ್ನು ಬಿಟ್ಟು ಮುಂದಿನದು.

ನರ್ಸ್‌ಗಳಿಗೆ ಇದೇ ದೊಡ್ಡ ಪ್ರಶ್ನೆ. ರಾತ್ರಿ 11ಕ್ಕೆ ಪಾಳಿ ಮುಗಿದರೆ ಆ ಹೊತ್ತಿಗೆ ಸ್ಟ್ಯಾಂಡ್ ಖಾಲಿ. ಆಸ್ಪತ್ರೆಯ ಗಾಡಿ ಮನೆ ಬಾಗಿಲಿಗೆ ಬಿಡುತ್ತದೆಯೇ, ಅಥವಾ ‘ಮುಖ್ಯ ರಸ್ತೆವರೆಗೆ’ ಮಾತ್ರವೇ? ಒಪ್ಪಂದದಲ್ಲಿ ‘ಟ್ರಾನ್ಸ್‌ಪೋರ್ಟ್’ ಎಂಬ ಒಂದೇ ಶಬ್ದ ಇದ್ದರೆ ಸಾಲದು. ಇಲ್ಲಿಗೂ ಅಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಅಲ್ಲಿನ ರಾತ್ರಿ 11 ನಮ್ಮ ಬೆಳಿಗ್ಗೆ 8.30. ದಾವಣಗೆರೆಯಲ್ಲಿ ದೋಸೆ ಹಂಚು ಕಾಯುವ ಹೊತ್ತಿಗೆ ಮಗಳು ಅಲ್ಲಿ ಮನೆಗೆ ಹೊರಟಿರುತ್ತಾಳೆ ಎಂದಾಯಿತು. ಆ ಅರ್ಧ ಗಂಟೆ ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಷನ್ ಹಾಕಿಡುವ ರೂಢಿ ಮಾಡಿಕೊಂಡರೆ ಇಲ್ಲಿ ಕೂತವರೂ ಕಾವಲು ಕಾಯಬಹುದು. ಆದರೆ ಬೀದಿಯಲ್ಲಿ ಫೋನ್ ಕಿವಿಗಿಟ್ಟು ಮಾತಾಡಿಸುತ್ತಾ ನಡೆಸಬೇಡಿ. ಫೋನೇ ಕಸಿಯುವವರ ಗುರಿ, ಮಾತಾಡುವವರಿಗೆ ಹಿಂದೆ ಬರುವ ಹೆಜ್ಜೆ ಕೇಳುವುದೂ ಇಲ್ಲ.

ಇದೆಲ್ಲ ಓದಿ ಅದೊಂದು ಕತ್ತಲ ದೇಶ ಅನಿಸಿದರೆ ನಮ್ಮ ಬರವಣಿಗೆಯ ದೋಷ. 1845ರ ಮೇ 30ರಂದು ಫತೆಲ್ ರಜಾಕ್ ಹಡಗಿನಲ್ಲಿ ಮೊದಲ ಕೂಲಿಕಾರರು ಭಾರತದಿಂದ ಬಂದಿಳಿದರು. ಆ ದಿನ ಅಲ್ಲಿ ಸರ್ಕಾರಿ ರಜೆ. ಇವತ್ತು ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಭಾರತೀಯ ಮೂಲದವರು. (‘ಅರ್ಧ ಜನ ನಮ್ಮವರೇ’ ಎಂಬ ಏಜೆಂಟನ ಲೆಕ್ಕ ಸ್ವಲ್ಪ ಉದಾರ.) ಕರಪಿಚೈಮಾ ಊರಿನಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ಅದು ನಮ್ಮ ಮೈಸೂರಿನ ಅವಧೂತ ದತ್ತಪೀಠದ ಶ್ರೀ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರು ಸ್ಥಾಪಿಸಿದ ಕೇಂದ್ರ. ಒಂಟಿಯಾಗಿ ಹೋದವರು ಮೊದಲ ಭಾನುವಾರವೇ ಅಂಥ ಕಡೆ ಹೋಗಿ ಒಂದು ಕುಟುಂಬದ ಪರಿಚಯ ಮಾಡಿಕೊಂಡರೆ ಅರ್ಧ ಚಿಂತೆ ಕಳೆಯುತ್ತದೆ. ಯಾವ ಓಣಿಗೆ ಹೋಗಬಾರದು, ಯಾವ ಟ್ಯಾಕ್ಸಿಯವನು ನಂಬಿಗಸ್ತ ಎನ್ನುವುದನ್ನು ಅವರಷ್ಟು ಚೆನ್ನಾಗಿ ಯಾವ ರಾಯಭಾರ ಕಚೇರಿಯೂ ಹೇಳಲಾರದು.

ಮುಖ ಒಂದೇ ಆದರೂ ಬಾಯಿ ತೆರೆದ ಕೂಡಲೇ ‘ಇಂಡಿಯಾದಿಂದ ಬಂದವರು’ ಎಂದು ಗೊತ್ತಾಗುತ್ತದೆ. ಅಲ್ಲಿನ ಮರ್ಯಾದೆಯ ಮೊದಲ ಪಾಠ ನಮಸ್ಕಾರ. ಅಂಗಡಿ, ಬ್ಯಾಂಕು, ಮ್ಯಾಕ್ಸಿ, ಎಲ್ಲಿ ಕಾಲಿಟ್ಟರೂ ಒಳಗಿದ್ದವರೆಲ್ಲರಿಗೂ ಸೇರಿಸಿ ‘ಗುಡ್ ಮಾರ್ನಿಂಗ್’ ಹೇಳಬೇಕು. ಕತ್ತಲಾದ ಮೇಲೆ ‘ಗುಡ್ ನೈಟ್’, ಅದು ಬೀಳ್ಕೊಡುಗೆಯಲ್ಲ, ಬಂದಾಗ ಹೇಳುವ ಮಾತು. ಹೇಳದೆ ಸುಮ್ಮನೆ ಹೋಗಿ ಕೂತರೆ ಸೊಕ್ಕು ಎಂದುಕೊಳ್ಳುತ್ತಾರೆ. ಹೇಳಿದವರಿಗೆ ತೊಂದರೆಯಾದಾಗ ಅದೇ ಮ್ಯಾಕ್ಸಿಯ ಅಜ್ಜಿ ಎದ್ದು ನಿಂತು ಬಾಯಿ ಮಾಡುತ್ತಾಳೆ. ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಕಂಡು ಗಂಡಸರು ‘ಸ್ಸ್ಸ್’ ಎಂದು ಸದ್ದು ಮಾಡುವುದುಂಟು. ತಿರುಗಿ ಬೈಯುವುದಕ್ಕಿಂತ ನಿಲ್ಲದೆ ನಡೆದುಬಿಡುವುದೇ ಅಲ್ಲಿನ ಹೆಂಗಸರ ಉತ್ತರ. ರಾಜಕೀಯ ಪಕ್ಷಗಳು ಅಲ್ಲಿ ಬಹಳಮಟ್ಟಿಗೆ ಜನಾಂಗದ ಗೆರೆಯ ಮೇಲೆಯೇ ನಿಂತಿವೆ, ಆ ಚರ್ಚೆಗೆ ಹೊಸಬರು ಕೈ ಹಾಕದಿರುವುದು ಲೇಸು.

ಇನ್ನೊಂದು ಮಾತು ಹುಡುಗರಿಗೆ. ಸೈನಿಕರ ಮಾದರಿಯ ಮಚ್ಚೆ ಬಟ್ಟೆ ಅಲ್ಲಿ ಅಪರಾಧ. ಪ್ಯಾಂಟು, ಟೋಪಿ, ಬ್ಯಾಗು, ಯಾವುದಾದರೂ ಸರಿ. ಅಶೋಕ ರಸ್ತೆಯಲ್ಲಿ ಕೊಂಡ ಕಾರ್ಗೊ ಪ್ಯಾಂಟನ್ನು ಇಲ್ಲೇ ಬಿಟ್ಟು ಹೋಗಿ.

ಸಮುದ್ರದ ಬಗ್ಗೆ ಬಯಲುಸೀಮೆಯವರಾದ ನಮಗೆ ಅಂದಾಜು ಕಡಿಮೆ. ರಾಜಧಾನಿಯಿಂದ ಗುಡ್ಡ ಹತ್ತಿಳಿದರೆ ಮರಾಕಸ್ ಕಡಲತೀರ, ಬಲು ಚಂದ. ಭದ್ರಾ ಕಾಲುವೆಯಲ್ಲಿ ಈಜಿದ ಧೈರ್ಯ ಅಲ್ಲಿ ನಡೆಯುವುದಿಲ್ಲ. ದಡಕ್ಕೆ ಬಂದ ಅಲೆಯ ನೀರು ಒಂದೇ ಕಾಲುವೆಯಾಗಿ ಹಿಂದಕ್ಕೆ ಎಳೆಯುವ ಜಾಗಗಳಿರುತ್ತವೆ. ಆ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಿ ದಣಿಯುವುದೇ ಸಾವಿಗೆ ದಾರಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಕೆಂಪು ಬಾವುಟ ಕಂಡರೆ ಇಳಿಯಲೇಬಾರದು. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ. ಕತ್ತಲಾದ ಮೇಲೆ ಯಾವ ಕಡಲತೀರವೂ ಬೇಡ, ಅದಕ್ಕೆ ಕಾರಣ ಅಲೆಯಲ್ಲ. ದೊಡ್ಡ ಚಂಡಮಾರುತಗಳು ಸಾಮಾನ್ಯವಾಗಿ ಟ್ರಿನಿಡಾಡ್‌ನ ಉತ್ತರಕ್ಕೇ ಹಾದುಹೋಗುತ್ತವೆ, ಅದೊಂದು ಪುಣ್ಯ. ಕಾಟವೆಲ್ಲ ಜೂನ್‌ನಿಂದ ಡಿಸೆಂಬರ್‌ವರೆಗಿನ ಮಳೆಯದು. ಕರೋನಿ ಬಯಲಿನ ತಗ್ಗು ಬಡಾವಣೆಗಳಲ್ಲಿ ಮನೆ ಹಿಡಿಯುವವರು ‘2018ರ ಅಕ್ಟೋಬರಿನ ನೆರೆಯಲ್ಲಿ ಇಲ್ಲಿ ನೀರು ಎಷ್ಟು ಎತ್ತರ ಬಂದಿತ್ತು’ ಎಂದು ಮಾಲೀಕರನ್ನಲ್ಲ, ಎದುರು ಮನೆಯವರನ್ನು ಕೇಳಬೇಕು. ಗೋಡೆಯ ಕಲೆಯೂ ಸುಳ್ಳು ಹೇಳುವುದಿಲ್ಲ, ಹೊಸ ಬಣ್ಣ ಬಳಿದಿರದಿದ್ದರೆ.

ಈಗ ಕಾಗದ. ಸುರಕ್ಷೆಯ ಮಾತಿನಲ್ಲಿ ಕಾಗದ ಯಾಕೆ ಎನ್ನಬೇಡಿ. ಅಲ್ಲಿ ವಿದೇಶಿಯರು ವರ್ಕ್ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದಾದ್ದು ಹನ್ನೆರಡು ತಿಂಗಳಲ್ಲಿ ಒಂದು ಸಲ, 30 ದಿನ ಮಾತ್ರ. ಅದಕ್ಕಿಂತ ಹೆಚ್ಚಿಗೆ ಪರ್ಮಿಟ್ ಬೇಕು, ಅರ್ಜಿ ಹಾಕಬೇಕಾದವರು ಅಲ್ಲಿನ ಮಾಲೀಕರು. ಕೆಲವು ಏಜೆಂಟರ ಉಪಾಯ ಹೀಗಿದೆ: ‘ಮೊದಲು ವಿಸಿಟರ್ ಆಗಿ ಇಳಿಯಿರಿ, ಪರ್ಮಿಟ್ ಆಮೇಲೆ ಮಾಡಿಸ್ತಾರೆ.’ 31ನೇ ದಿನ ಆ ಹುಡುಗ ಕಾನೂನಿನ ಕಣ್ಣಿಗೆ ಕಳ್ಳ ಕೆಲಸಗಾರ. ಆಮೇಲೆ ಅವನ ಕೋಣೆಗೆ ಬ್ಯಾಂಡಿಟ್ ನುಗ್ಗಿದರೂ, ಮಾಲೀಕ ಸಂಬಳ ಕೊಡದಿದ್ದರೂ ಅವನು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಇದು ಇಬ್ಬರಿಗೂ ಗೊತ್ತಿರುತ್ತದೆ. ವೆನೆಜುವೆಲಾದಿಂದ ಓಡಿಬಂದವರ ಪಾಡೂ ಇದೇ ಆಗಿತ್ತು. 2019ರಲ್ಲಿ ಸರ್ಕಾರ ನೋಂದಣಿಗೆ ಬಾಗಿಲು ತೆರೆದಾಗ 16 ಸಾವಿರಕ್ಕೂ ಹೆಚ್ಚು ಜನ ಸಾಲುಗಟ್ಟಿ ಹೆಸರು ಬರೆಸಿದರು. ತುರ್ತು ಪರಿಸ್ಥಿತಿ ಇದ್ದಾಗ ಪೊಲೀಸರು ವಾರಂಟ್ ಇಲ್ಲದೆ ತಡೆದು ತಪಾಸಣೆ ಮಾಡಬಹುದು. ಪಾಸ್‌ಪೋರ್ಟ್, ಪರ್ಮಿಟ್ ಎರಡರ ಜೆರಾಕ್ಸ್ ಸದಾ ಜೇಬಿನಲ್ಲಿರಬೇಕು, ಮೂಲ ಪ್ರತಿ ನಿಮ್ಮದೇ ಕಪಾಟಿನಲ್ಲಿ. ಪಾಸ್‌ಪೋರ್ಟ್ ‘ಭದ್ರತೆಗೆ’ ಎಂದು ಮಾಲೀಕರು ಇಟ್ಟುಕೊಳ್ಳುವುದಕ್ಕೆ ಒಪ್ಪಬೇಡಿ.

ಕೊಲ್ಲಿ ದೇಶಗಳ ಅನುಭವ ಇರುವ ಮನೆಗಳಿಗೆ ಇಲ್ಲೊಂದು ಎಚ್ಚರಿಕೆ. ಸೌದಿ, ಕುವೈತ್ ಸೇರಿ 18 ದೇಶಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಎಂಬ ಪದ್ಧತಿ ಇದೆ, ಅದರಡಿ ಹೋಗುವವರ ಒಪ್ಪಂದವನ್ನು ನಮ್ಮ ಸರ್ಕಾರದ ಕಡೆಯವರು ಒಮ್ಮೆ ನೋಡುತ್ತಾರೆ. ಟ್ರಿನಿಡಾಡ್ ಆ ಪಟ್ಟಿಯಲ್ಲಿಲ್ಲ. ಅಂದರೆ ನಿಮ್ಮ ಮಗನ ಒಪ್ಪಂದವನ್ನು ಓದುವ ಕೊನೆಯ ಮನುಷ್ಯ ನೀವೇ. ಏಜೆಂಟ್ ನೋಂದಾಯಿತನೋ ಎಂಬುದನ್ನು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.; ಲಕ್ಷಗಳ ಮಾತು ಬಂದರೆ ಅಲ್ಲಿಗೇ ಎದ್ದು ಬನ್ನಿ. ಅಲ್ಲಿ ಇಳಿದ ವಾರದೊಳಗೆ ಪೋರ್ಟ್ ಆಫ್ ಸ್ಪೇನ್‌ನ ವಿಕ್ಟೋರಿಯಾ ಅವೆನ್ಯೂದಲ್ಲಿರುವ ಭಾರತೀಯ ಹೈಕಮಿಷನ್‌ನಲ್ಲಿ ಹೆಸರು ನೋಂದಾಯಿಸಬೇಕು. ತಕರಾರು ಬಂದರೆ ಇಲ್ಲಿಂದ ಅಪ್ಪ ಅಮ್ಮನೂ ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ತಮ್ಮ ಪತ್ರಿಕೆಯ ಮೂಲಕ ಜಿಲ್ಲಾಡಳಿತಕ್ಕೆ ಒಂದು ಕೋರಿಕೆ. ರಾಜ್ಯದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ; ಅದರ ಮಾಹಿತಿ ದಾವಣಗೆರೆಯ ಉದ್ಯೋಗ ವಿನಿಮಯ ಕಚೇರಿಯ ಫಲಕದ ಮೇಲೂ ನರ್ಸಿಂಗ್ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲೂ ಇದ್ದರೆ, ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಚೀಟಿ ನೋಡಿ ಫೋನ್ ಮಾಡುವವರು ಕಡಿಮೆಯಾದಾರು. ವಿದೇಶದ ಒಪ್ಪಂದ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬ ಸಿಬ್ಬಂದಿ ವಾರಕ್ಕೆ ಒಂದು ದಿನ ಕೂತರೂ ಸಾಕು.

ಕೊನೆಗೆ ಎಲ್ಲರೂ ಮರೆಯುವ ಒಂದು ಚಿಕ್ಕ ಪುಸ್ತಕ. ಟ್ರಿನಿಡಾಡ್ ದ್ವೀಪ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಹೊರಡುವ ಕನಿಷ್ಠ 10 ದಿನ ಮುಂಚೆ ಅಧಿಕೃತ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡು ಹಳದಿ ಬಣ್ಣದ ಪ್ರಮಾಣಪತ್ರ ಪಡೆಯಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಇದನ್ನು ಕೇಳುವುದು ಹೋಗುವಾಗ ಅಲ್ಲ, ಬರುವಾಗ. ಅಪ್ಪನಿಗೆ ಹುಷಾರಿಲ್ಲವೆಂದು ತುರ್ತಾಗಿ ಓಡಿಬಂದವರನ್ನೂ ಆ ಪತ್ರ ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಿಂದ ಆರು ದಿನದವರೆಗೆ ಪ್ರತ್ಯೇಕವಾಸಕ್ಕೆ ಕಳಿಸುವ ನಿಯಮವಿದೆ. ಅದು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ.

— ಟ್ರಿನಿಡಾಡ್‌ನಲ್ಲಿ ದುಡಿದು ಬಂದ ಕೆಲವರು ಮತ್ತು ಅಲ್ಲಿರುವವರ ಪೋಷಕರು,
ವಿದ್ಯಾನಗರ, ದಾವಣಗೆರೆ